ಪಾಟಿನ ಟೊಮೇಟೊ ಎಲೆ ಹಳದಿ ಆಗ್ತಿದೆಯಾ? ಗೊಬ್ಬರ ಹಾಕೋ ಮೊದಲು ಈ ನಾಲ್ಕು ಪ್ರಶ್ನೆ

ಗೋರೆಗಾಂವ್‌ನಂಥ ಕಡೆ ಫ್ಲ್ಯಾಟ್‌ನಲ್ಲಿ ಇರೋರಿಗೆ ಕಿಟಕಿಯ ಗ್ರಿಲ್ಲೇ ತೋಟ. ಅಲ್ಲಿ ಟೊಮೇಟೊ ಎಲೆ ಹಳದಿ ಆದ ಕೂಡಲೇ ಹೆಚ್ಚಿನವರು ಮಾಡೋದು ಎರಡೇ ಕೆಲಸ: ಒಂದು ಚೊಂಬು ನೀರು ಜಾಸ್ತಿ, ಒಂದು ಹಿಡಿ ಗೊಬ್ಬರ ಜಾಸ್ತಿ. ಆದರೆ ಹಳದಿ ಅನ್ನೋದು ಜ್ವರ ಇದ್ದ ಹಾಗೆ, ಬರೀ ಲಕ್ಷಣ. ಕಾರಣ ಹಲವಾರು. ಅದರಲ್ಲಿ ಕೆಲವಕ್ಕೆ ನೀವು ಹಾಕೋ ಆ ಒಂದು ಚೊಂಬು ನೀರೇ ವಿಷ.

ನಾನು ಸಾಫ್ಟ್‌ವೇರ್ ಕೆಲಸದವನು. ಪ್ರೋಗ್ರಾಂ ಕೆಟ್ಟರೆ ಮೊದಲು ಲಾಗ್ ಓದ್ತೀವಿ, ಆಮೇಲೆ ಕೋಡ್ ಮುಟ್ತೀವಿ. ಗಿಡದ ಲಾಗ್ ಅದರ ಎಲೆಯಲ್ಲೇ ಇದೆ. ಓದೋ ಕ್ರಮ ಗೊತ್ತಿದ್ರೆ ಸಾಕು.

ಪ್ರಶ್ನೆ 1: ಮಣ್ಣು ಒದ್ದೆ ಇದೆಯಾ?

ಎಲೆ ನೋಡೋ ಮೊದಲು ಬೆರಳನ್ನ ಎರಡು ಇಂಚು ಮಣ್ಣಿನೊಳಗೆ ಇಳಿಸಿ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಕೆಸರಾಗಿರಬಹುದು. ಬೇರಿಗೂ ಉಸಿರಾಟ ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಹೋಗಿ ನೀರು ತುಂಬಿದ್ರೆ ಬೇರು ಕೊಳೆಯುತ್ತೆ, ಆಗ ಮಣ್ಣಲ್ಲಿ ಎಷ್ಟು ಪೋಷಕಾಂಶ ಇದ್ರೂ ಹೀರೋಕಾಗಲ್ಲ. ಎಲೆ ಹಳದಿ ಆಗಿ ಜೋಲು ಬೀಳುತ್ತೆ. ಬಾಡಿದ ಹಾಗೆ ಕಾಣೋದ್ರಿಂದ ನಾವು ಮತ್ತೆ ನೀರು ಹಾಕ್ತೀವಿ!

ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಮೊದಲ ಅನುಮಾನ ಆಗಿರಲಿ. ಪಾಟಿನ ತಳದ ತೂತು ಕಟ್ಟಿದೆಯಾ, ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯಾ ನೋಡಿ. ಬರೀ ಕೆಂಪು ಮಣ್ಣು ತುಂಬಿದ ಪಾಟ್ ನಾಲ್ಕು ಮಳೆಗೆ ಇಟ್ಟಿಗೆ ಆಗುತ್ತೆ. ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸುಮಾರು ಸಮಪಾಲು ಬೆರೆಸಿದ್ರೆ ನೀರು ಇಳಿಯುತ್ತೆ.

ಪ್ರಶ್ನೆ 2: ಹಳದಿ ಶುರುವಾಗಿದ್ದು ಕೆಳಗಾ, ಮೇಲಾ?

ನಾಲ್ಕರಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಸಾರಜನಕ, ಮೆಗ್ನೀಸಿಯಂ ಇವೆರಡೂ ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಂದಾಗ ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತೆ, ಮನೆಯಲ್ಲಿ ದೊಡ್ಡವರು ಉಪವಾಸ ಇದ್ದು ಮಕ್ಕಳಿಗೆ ಬಡಿಸೋ ಹಾಗೆ. ಹಾಗಾಗಿ ಇವುಗಳ ಕೊರತೆ ಕೆಳಗಿನ ಎಲೆಯಲ್ಲಿ ಮೊದಲು ಕಾಣುತ್ತೆ. ಕಬ್ಬಿಣ ಹಾಗಲ್ಲ, ಸೇರಿದ ಎಲೆಯಲ್ಲೇ ಉಳಿಯುತ್ತೆ. ಅದರ ಕೊರತೆ ತುದಿಯ ಹೊಸ ಎಲೆಯಲ್ಲಿ ಕಾಣುತ್ತೆ.

ಒಂದು ಸಮಾಧಾನದ ವಿಷಯ: ಗಿಡ ಎತ್ತರ ಆದ ಮೇಲೆ ನೆರಳಿಗೆ ಸಿಕ್ಕಿದ ಬುಡದ ಒಂದೆರಡು ಎಲೆ ಹಣ್ಣಾಗಿ ಉದುರೋದು ಸಹಜ. ಮೇಲೆಲ್ಲ ಹಸಿರಾಗಿದ್ರೆ ಚಿಂತೆ ಬೇಡ.

ಪ್ರಶ್ನೆ 3: ಹಳದಿಯ ವಿನ್ಯಾಸ ಹೇಗಿದೆ?

ಕೆಳಗಿನ ಎಲೆ ನರ ಸಮೇತ ಪೂರ್ತಿ ಹಳದಿ: ಸಾರಜನಕ ಕಡಿಮೆ. ಒಂದೆರಡು ಹಿಡಿ ಎರೆಗೊಬ್ಬರ ಕೊಡಿ. ಆರೇ ಕಾಲೊನಿಯ ತಬೇಲಾದಿಂದ ಸಗಣಿ ತರೋರು ನೆನಪಿಡಿ, ಹಸಿ ಸಗಣಿ ಪಾಟಿಗೆ ಬೇಡ. ಅದು ಕಳಿಯೋವಾಗ ಹುಟ್ಟೋ ಬಿಸಿಗೆ ಬೇರು ಸುಡುತ್ತೆ. ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬರ್ತಿರಬೇಕು.

ಕೆಳಗಿನ ಎಲೆಯ ನರ ಹಸಿರು, ಮಧ್ಯದ ಭಾಗ ಹಳದಿ: ಮೆಗ್ನೀಸಿಯಂ. ಲೀಟರ್ ನೀರಿಗೆ ಒಂದು ಟೀ ಚಮಚ ಎಪ್ಸಮ್ ಸಾಲ್ಟ್ ಕರಗಿಸಿ ಎಲೆಗೆ ಸಿಂಪಡಿಸಿ.

ಇದೇ ವಿನ್ಯಾಸ ತುದಿಯ ಎಲೆಯಲ್ಲಿ: ಕಬ್ಬಿಣ. ಪಾಟಿನಲ್ಲಿ ಕಬ್ಬಿಣ ಇದ್ದೂ ಬೇರು ಹೀರದೇ ಇರೋದೇ ಹೆಚ್ಚು, ಹಾಗಾಗಿ ಮೊದಲು ನೀರು ಬಸಿಯೋದನ್ನ ಸರಿಮಾಡಿ.

ಹಳದಿ ನಡುವೆ ಕಂದು ಚುಕ್ಕೆ, ಚುಕ್ಕೆಯೊಳಗೆ ಬಳೆಯ ಹಾಗೆ ಸುತ್ತುಗಳು: ಅಂಗಮಾರಿ, ಶಿಲೀಂಧ್ರ ರೋಗ. ಆ ಎಲೆ ಕತ್ತರಿಸಿ ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ. ನೀರನ್ನ ಬುಡಕ್ಕೆ ಮಾತ್ರ ಹಾಕಿ.

ಪ್ರಶ್ನೆ 4: ಎಲೆಯ ಹಿಂದೆ ಯಾರಿದ್ದಾರೆ?

ಎಲೆ ತಿರುಗಿಸಿ. ಮೇಲೆ ಸೂಜಿ ಚುಚ್ಚಿದ ಹಾಗೆ ಹಳದಿ ಚುಕ್ಕೆ, ಕೆಳಗೆ ಸಣ್ಣ ಬಲೆ ಇದ್ರೆ ನುಸಿ. ಬಿಳಿ ಕಾಗದದ ಮೇಲೆ ಎಲೆ ತಟ್ಟಿದ್ರೆ ಓಡಾಡೋ ಚುಕ್ಕಿಗಳು ಕಾಣ್ತವೆ. ಎಲೆಯ ಹಿಂಭಾಗವನ್ನ ನೀರಿನಿಂದ ಜೋರಾಗಿ ತೊಳೆಯಿರಿ. ಆಮೇಲೆ ಲೀಟರ್‌ಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಗಿಡ ಅಲ್ಲಾಡಿಸಿದಾಗ ಬಿಳಿ ನೊಣ ಹಾರಿದ್ರೆ ಹುಷಾರು. ಹೊಸ ಎಲೆ ಚಿಕ್ಕದಾಗಿ, ಅಂಚು ಹಳದಿಯಾಗಿ, ಮೇಲಕ್ಕೆ ಮುದುಡಿ, ಗಿಡ ಗಿಡ್ಡ ಆಗಿದ್ರೆ ಅದು ಎಲೆ ಮುದುಡು ವೈರಸ್. ಇದಕ್ಕೆ ಔಷಧಿ ಇಲ್ಲ. ಕಿತ್ತು ಚೀಲದಲ್ಲಿ ಕಟ್ಟಿ ಎಸೆಯೋದೇ ದಾರಿ. ನೋವಾಗುತ್ತೆ, ನಿಜ. ಆದರೆ ಉಳಿಸಿಕೊಂಡ್ರೆ ಆ ನೊಣವೇ ನಿಮ್ಮ ಮೆಣಸಿನ ಗಿಡಕ್ಕೂ ಪಕ್ಕದ ಮನೆಯ ಟೊಮೇಟೊಗೂ ರೋಗ ಮುಟ್ಟಿಸುತ್ತೆ. ಮುಂದಿನ ಸಲಕ್ಕೆ ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ ಹುಡುಕಿ. ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯೋ ತಳಿ ಅದು.

ಕೊನೆಯ ಮಾತು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ವಾರ ಕಾಯಿರಿ. ನೀರು, ಗೊಬ್ಬರ, ಔಷಧಿ ಮೂರೂ ಒಂದೇ ದಿನ ಬದಲಾಯಿಸಿದ್ರೆ ಯಾವುದು ಕೆಲಸ ಮಾಡ್ತು, ಯಾವುದು ಕೆಡಿಸ್ತು ಅಂತ ತಿಳಿಯಲ್ಲ. ಪೂರ್ತಿ ಹಳದಿ ಆದ ಎಲೆ ಸಾಮಾನ್ಯವಾಗಿ ಮತ್ತೆ ಹಸಿರಾಗಲ್ಲ, ಅದನ್ನೇ ನೋಡ್ತಾ ಕೂತ್ಕೋಬೇಡಿ. ಇವತ್ತು ತುದಿಯ ಚಿಗುರಿನ ಫೋಟೋ ತೆಗೆದಿಡಿ. ವಾರ ಬಿಟ್ಟು ಅಲ್ಲಿ ಬರೋ ಹೊಸ ಎಲೆ ಹಸಿರಾಗಿದ್ರೆ ನಿಮ್ಮ ಉತ್ತರ ಸರಿ.