ಅಮ್ಮನ ಮಾತ್ರೆ ಡಬ್ಬಿ ನೋಡದ ಏಜೆಂಟ್ ಹತ್ತಿರ ಪಾಲಿಸಿ ತಗೋಬೇಡಿ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ. ಲೆಕ್ಕದ ಭಾಗ ಕೇಳೋದಕ್ಕಿಂತ ಓದೋಕೆ ಸುಲಭ.

ನಾಗಪುರದ ಇತವಾರಿಯಲ್ಲಿ ನಾನು ಆರೋಗ್ಯ ವಿಮೆ ಏಜೆಂಟರಿಗೆ ತರಬೇತಿ ಕೊಡ್ತೀನಿ, ಮುಖ್ಯವಾಗಿ 60 ದಾಟಿದವರ ಪಾಲಿಸಿ ಮಾರೋದು ಹೇಗೆ ಅಂತ. ಮಿಹಾನ್‌ನಲ್ಲಿ ಕೆಲಸ ಮಾಡೋ ನಮ್ಮವರಿಗೆ ಇತವಾರಿ ಅಂದ್ರೆ ಮೆಟ್ರೋ ಹಿಡಿದು ಬಂದು ಕಿರಾಣಿ, ಬಟ್ಟೆ, ಚಿನ್ನ ಕೊಳ್ಳೋ ಹಳೇ ಪೇಟೆ. ಇಲ್ಲಿ ಬೀದಿಗೆ ಓಳಿ ಅಂತಾರೆ: ಕಿರಾಣಾ ಓಳಿ, ಸರಾಫಾ ಓಳಿ. ಕನ್ನಡದಲ್ಲೂ ಓಳಿ ಅಂದ್ರೆ ಸಾಲೇ ಅಲ್ವಾ! ನನ್ನ ಕ್ಲಾಸಿಗೆ ಬರೋರು ಅಂಗಡಿ ಲೆಕ್ಕ ಬರೆಯೋರು, ಮನೆಯಲ್ಲಿರೋ ಹೆಂಗಸರು, ರಿಟೈರ್ ಆದ ಬ್ಯಾಂಕ್ ನೌಕರರು, ಇಪ್ಪತ್ತು ವರ್ಷ ಎಲ್‌ಐಸಿ ಮಾಡಿದ ಏಜೆಂಟರು. ಓಳಿಯ ಪ್ರತಿ ಮನೆಯೂ ಇವರಿಗೆ ಗೊತ್ತು.

ಇದನ್ನ ನಿಮಗ್ಯಾಕೆ ಹೇಳ್ತಿದ್ದೀನಿ? ನೀವು ಪುಣೆಯಲ್ಲೋ ಹೈದರಾಬಾದಲ್ಲೋ ಡಲ್ಲಾಸಲ್ಲೋ ಕೂತು, ದಾವಣಗೆರೆಯಲ್ಲಿರೋ ಅಪ್ಪ-ಅಮ್ಮಂಗೆ ಪಾಲಿಸಿ ಮಾಡಿಸ್ತೀರಿ. ಫೋನ್‌ನಲ್ಲಿ ಹತ್ತು ನಿಮಿಷ, ಒಂದು ಓಟಿಪಿ, ಮುಗೀತು. ಆ ಹತ್ತು ನಿಮಿಷದಲ್ಲಿ ಏಜೆಂಟ್ ಏನು ಕೇಳಿದ, ಏನು ಕೇಳಲಿಲ್ಲ ಅನ್ನೋದರ ಮೇಲೆ ಮುಂದೆ ಕ್ಲೇಮ್ ನಿಲ್ಲತ್ತೆ ಅಥವಾ ಬೀಳತ್ತೆ.

ಏಜೆಂಟ್ ಆಗೋಕೆ ಹತ್ತನೇ ಕ್ಲಾಸ್ ಪಾಸಾಗಿ, ಐಸಿ-38 ಅನ್ನೋ ಪುಸ್ತಕ ಓದಿ ಪರೀಕ್ಷೆ ಬರೀಬೇಕು. ಪಿಓಎಸ್‌ಪಿ ಅಂತ ಇನ್ನೊಂದು ದಾರಿ ಇದೆ, ಅದಕ್ಕೆ 15 ಗಂಟೆ ತರಬೇತಿ ಸಾಕು. ಈ ಪರೀಕ್ಷೆಗಳು ವಿಮೆ ಅಂದ್ರೇನು ಅಂತ ಕಲಿಸ್ತವೆ. ಎಪ್ಪತ್ತರ ಅಜ್ಜಿ ಎದುರು ಕೂತು ಮಾತಾಡೋದು ಹೇಗೆ ಅಂತ ಕಲಿಸಲ್ಲ. ನನ್ನ ಕ್ಲಾಸ್ ಶುರುವಾಗೋದೇ ಅಲ್ಲಿಂದ.

ಮೊದಲ ದಿನ ಇಬ್ಬರನ್ನ ಎದುರುಬದುರು ಕೂರಿಸ್ತೀನಿ. ಒಬ್ಬರು ಏಜೆಂಟ್, ಇನ್ನೊಬ್ಬರು ಅಜ್ಜಿ. "ಬಿಪಿ, ಶುಗರ್ ಏನಾದ್ರೂ ಇದೆಯಾ?" "ಏನೂ ಇಲ್ಲಪ್ಪ, ಗಟ್ಟಿಮುಟ್ಟಾಗಿದ್ದೀನಿ." ಏಜೆಂಟ್ 'ಇಲ್ಲ' ಅಂತ ಟಿಕ್ ಮಾಡ್ತಾನೆ. ಆಮೇಲೆ ನಾನು ಪ್ರಶ್ನೆ ಬದಲಾಯಿಸಿಸ್ತೀನಿ: "ಬೆಳಗ್ಗೆ ತಿಂಡಿ ಆದ್ಮೇಲೆ ಯಾವ ಮಾತ್ರೆ ತಗೊಳ್ತೀರಿ?" "ಅದಾ? ಬಿಪಿದು ಒಂದು ಚಿಕ್ಕದು. ಅದು ಕಂಟ್ರೋಲ್‌ನಲ್ಲಿದೆ ಬಿಡು."

ಅಜ್ಜಿ ಸುಳ್ಳು ಹೇಳಿಲ್ಲ ಅನ್ನೋದನ್ನ ನೋಡಿ. ಹತೋಟಿಯಲ್ಲಿರೋದು ನಮ್ಮ ಹಿರಿಯರ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ. ವಿಮೆ ಕಂಪನಿಯ ಲೆಕ್ಕದಲ್ಲಿ ಮಾತ್ರ ಅದು 'ಮೊದಲೇ ಇದ್ದ ಕಾಯಿಲೆ'. ಹಾಗಾಗಿ ನನ್ನ ನಿಯಮ: ಕಾಯಿಲೆ ಕೇಳಬೇಡಿ, ಮಾತ್ರೆ ಡಬ್ಬಿ ತರಿಸಿ. ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಕಂಡರೆ ಸಾಮಾನ್ಯವಾಗಿ ಬಿಪಿ. ಮೆಟ್‌ಫಾರ್ಮಿನ್ ಇದ್ದರೆ ಶುಗರ್. ಕ್ಲೋಪಿಡೋಗ್ರೆಲ್ ಇದ್ದರೆ ಹೃದಯದ್ದೋ ಪಾರ್ಶ್ವವಾಯುವಿನದ್ದೋ ಇತಿಹಾಸ ಇದೆಯಾ ಅಂತ ವಿಚಾರಿಸಲೇಬೇಕು. ಏಜೆಂಟ್ ಡಾಕ್ಟರ್ ಆಗಬೇಕಿಲ್ಲ, ಸ್ಟ್ರಿಪ್ ಮೇಲಿನ ಹೆಸರು ಬರ್ಕೊಂಡ್ರೆ ಸಾಕು. ಎರಡನೇ ಪ್ರಶ್ನೆ ಹಳೇ ಆಪರೇಷನ್‌ದು. ಮೂವತ್ತು ವರ್ಷದ ಹಿಂದಿನ ಗರ್ಭಕೋಶದ ಆಪರೇಷನ್ ಬಗ್ಗೆ ಮಗನ ಎದುರು ಅಮ್ಮ ಬಾಯಿ ಬಿಡಲ್ಲ, ಸೊಸೆ ಕೇಳಿದ್ರೆ ಹೇಳ್ತಾರೆ. ಇದು ಯಾವ ಪುಸ್ತಕದಲ್ಲೂ ಇಲ್ಲ.

ಹೇಳಿದ್ರೆ ಏನಾಗತ್ತೆ? ಕಂಪನಿ ಪ್ರೀಮಿಯಂ ಹೆಚ್ಚಿಸಬಹುದು, ಆ ಕಾಯಿಲೆಗೆ ಕಾಯುವ ಅವಧಿ ಹಾಕಬಹುದು, ಪಾಲಿಸಿಯನ್ನೇ ನಿರಾಕರಿಸಲೂಬಹುದು. ಕಾಯುವ ಅವಧಿಯ ಗರಿಷ್ಠ ಮಿತಿ 48 ತಿಂಗಳಿತ್ತು, 2024ರಲ್ಲಿ ಐಆರ್‌ಡಿಎಐ ಅದನ್ನ 36ಕ್ಕೆ ಇಳಿಸಿತು. ಮುಚ್ಚಿಟ್ಟರೆ? ಆಸ್ಪತ್ರೆಯ ಹಳೇ ಕಾಗದದಲ್ಲಿ 'ಎಂಟು ವರ್ಷದಿಂದ ಬಿಪಿ' ಅಂತ ಒಂದು ಸಾಲು ಸಿಕ್ಕಿದ್ರೆ ಕ್ಲೇಮ್ ಹೋಗತ್ತೆ, ಪಾಲಿಸಿಯೂ ಹೋಗಬಹುದು. ಸತತ 60 ತಿಂಗಳು ಪಾಲಿಸಿ ನಡೆಸಿದ ಮೇಲೆ ಮಾತ್ರ, ಮೋಸ ಅಂತ ಸಾಬೀತಾಗದ ಹೊರತು, ಹೇಳಿಲ್ಲ ಅನ್ನೋ ಕಾರಣಕ್ಕೆ ತಿರಸ್ಕರಿಸೋ ಹಾಗಿಲ್ಲ. ಎಪ್ಪತ್ತರ ವಯಸ್ಸಲ್ಲಿ ಐದು ವರ್ಷ ಅದೃಷ್ಟದ ಮೇಲೆ ತಳ್ಳೋದು ಜೂಜು. "ಹೇಳ್ಬೇಡಿ ಸರ್, ಸುಮ್ನೆ ಪ್ರೀಮಿಯಂ ಜಾಸ್ತಿ ಆಗತ್ತೆ" ಅನ್ನೋ ಏಜೆಂಟ್ ನಿಮ್ಮ ದುಡ್ಡು ಉಳಿಸ್ತಿಲ್ಲ, ತನ್ನ ಮಾರಾಟ ಉಳಿಸ್ಕೊಳ್ತಿದ್ದಾನೆ.

ಇನ್ನು ಲೆಕ್ಕ. ಇತವಾರಿಯ ವ್ಯಾಪಾರಿಗೆ 'ಪ್ರಪೋರ್ಷನೇಟ್ ಡಿಡಕ್ಷನ್' ಅಂದ್ರೆ ಆಕಳಿಸ್ತಾನೆ, ಬಿಲ್ ತೋರಿಸಿದ್ರೆ ಕಿವಿ ನೆಟ್ಟಗಾಗತ್ತೆ. ಹಾಗಾಗಿ ಬೋರ್ಡ್ ಮೇಲೆ ಒಂದು ಬಿಲ್ ಬರೀತೀನಿ.

5 ಲಕ್ಷದ ಪಾಲಿಸಿ, ರೂಮ್ ಬಾಡಿಗೆ ಮಿತಿ ದಿನಕ್ಕೆ ಶೇಕಡಾ 1, ಅಂದ್ರೆ 5,000. ಮಗ ಪ್ರೀತಿಯಿಂದ 8,000ದ ರೂಮ್ ಹಿಡಿದ. ಐದು ದಿನ. ರೂಮಿಗೆ 40,000. ಸರ್ಜನ್, ಅರಿವಳಿಕೆ, ಓಟಿ, ನರ್ಸಿಂಗ್ ಸೇರಿ 1,20,000. ಔಷಧಿ, ಇಂಪ್ಲಾಂಟ್, ಟೆಸ್ಟ್ 80,000. ಒಟ್ಟು 2,40,000. ರೂಮಿನಲ್ಲಿ 15,000 ಕೈಯಿಂದ ಹೋಗತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಹಾಗಲ್ಲ. ಸರ್ಜನ್ ಖರ್ಚೂ ಅದೇ ಅನುಪಾತದಲ್ಲಿ, ಎಂಟರಲ್ಲಿ ಐದು ಪಾಲಿಗೆ ಇಳಿಯತ್ತೆ: 75,000. ರೂಮಿಗೆ 25,000. ಔಷಧಿ, ಇಂಪ್ಲಾಂಟ್, ಟೆಸ್ಟಿಗೆ ಈ ಕಡಿತ ಹಾಕೋ ಹಾಗಿಲ್ಲ, ಅದು ಪೂರ್ತಿ 80,000. ಒಟ್ಟು 1,80,000. ಇದರ ಮೇಲೆ ಹಿರಿಯರ ಎಷ್ಟೋ ಪಾಲಿಸಿಗಳಲ್ಲಿ ಕೋ-ಪೇ ಇರತ್ತೆ. ಶೇಕಡಾ 20 ಅಂದ್ಕೊಳ್ಳಿ, 36,000 ಹೋಯ್ತು. ಕಂಪನಿ ಕೊಡೋದು 1,44,000. ಮಗನ ಕೈಯಿಂದ 96,000.

ಇದರಲ್ಲಿ ಮೋಸ ಏನಿಲ್ಲ, ಎಲ್ಲ ಪಾಲಿಸಿಯಲ್ಲೇ ಬರೆದಿರತ್ತೆ. ಮಾರೋವಾಗ ಒಂದು ಕಾಗದದ ಮೇಲೆ ಈ ಲೆಕ್ಕ ಮಾಡಿ ತೋರಿಸಿದ್ರೆ, ಆಸ್ಪತ್ರೆ ಕೌಂಟರ್ ಮುಂದೆ ಜಗಳ ಆಗಲ್ಲ. ಪ್ರೀಮಿಯಂ ಕಡಿಮೆ ಇರೋ ಪಾಲಿಸಿ ಯಾಕೆ ಕಡಿಮೆ ಅನ್ನೋದಕ್ಕೆ ಬಹಳ ಸಲ ಉತ್ತರ ಇಲ್ಲೇ ಇರತ್ತೆ.

ವಲಸೆ ಬಂದವರಿಗೆ ಅಂತಲೇ ಒಂದು ಪ್ರಶ್ನೆ ಸೇರಿಸಿದ್ದೀನಿ: "ಅಪ್ಪ-ಅಮ್ಮ ವರ್ಷದಲ್ಲಿ ಎಷ್ಟು ತಿಂಗಳು ಎಲ್ಲಿರ್ತಾರೆ?" ಕೆಲವು ಪಾಲಿಸಿಗಳಲ್ಲಿ ಊರಿಗೊಂದು ದರ. ಸಣ್ಣ ಊರಿನ ವಿಳಾಸಕ್ಕೆ ಪ್ರೀಮಿಯಂ ಕಡಿಮೆ, ಆದ್ರೆ ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದ್ರೆ ಹೆಚ್ಚುವರಿ ಕೋ-ಪೇ. ದಾವಣಗೆರೆ ವಿಳಾಸ ಕೊಟ್ಟು, ಮೊಮ್ಮಗು ನೋಡ್ಕೊಳ್ಳೋಕೆ ಆರು ತಿಂಗಳು ಪುಣೆಯಲ್ಲಿರೋ ಅಮ್ಮಂಗೆ ಇದು ನೇರವಾಗಿ ತಟ್ಟತ್ತೆ.

"ಆಫೀಸ್ ಇನ್ಶೂರೆನ್ಸ್ ಇದೆಯಲ್ಲ" ಅನ್ನೋರಿಗೆ: ಅದು ನಿಮ್ಮ ಕೆಲಸದ ಜೊತೆ ಕಟ್ಟಿದ ಹಗ್ಗ. ಕೆಲಸ ಹೋದ್ರೆ ಅಪ್ಪನ ಕವರೂ ಹೋಗತ್ತೆ. ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗೋ ಅವಕಾಶ ಇದೆ, ರಾಜೀನಾಮೆ ಕೊಡೋ ಮೊದಲೇ ಎಚ್‌ಆರ್ ಹತ್ತಿರ ಕೇಳಿ.

ಕಾನೂನು ಇತ್ತೀಚೆಗೆ ಹಿರಿಯರ ಕಡೆ ಸ್ವಲ್ಪ ವಾಲಿದೆ. 2024ರ ಏಪ್ರಿಲ್‌ನಿಂದ ಕಂಪನಿಗಳು ಎಲ್ಲ ವಯಸ್ಸಿನವರಿಗೂ ಪಾಲಿಸಿ ಇಡಬೇಕು. ಇಡಬೇಕು ಅಂದ್ರೆ ಕೇಳಿದವರಿಗೆಲ್ಲ ಕೊಡಲೇಬೇಕು ಅಂತಲ್ಲ, ಏಜೆಂಟರು ಇಲ್ಲೇ ಉತ್ಪ್ರೇಕ್ಷೆ ಮಾಡೋದು. 2025ರ ಜನವರಿಯಲ್ಲಿ ಬಂದ ಆದೇಶದಂತೆ, ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸೋಕೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿ ಮೇಲಿನ ಶೇಕಡಾ 18 ಜಿಎಸ್‌ಟಿ ಇಲ್ಲ. 70 ದಾಟಿದವರಿಗೆ ಆದಾಯ ನೋಡದೆ ಕುಟುಂಬಕ್ಕೆ 5 ಲಕ್ಷದ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್‌ನಲ್ಲಿ ಶುರುವಾಯ್ತು. ಖಾಸಗಿ ಪಾಲಿಸಿ ಇದ್ದವರೂ ಮಾಡಿಸಬಹುದು, ಆದ್ರೆ ನಿಮ್ಮೂರಿನ ಆಸ್ಪತ್ರೆ ಪಟ್ಟಿಯಲ್ಲಿದೆಯಾ ನೋಡ್ಕೊಳ್ಳಿ. ಇದನ್ನ ತಾನಾಗೇ ಹೇಳೋ ಏಜೆಂಟ್ ಮೇಲೆ ನನಗೆ ಗೌರವ, ಯಾಕಂದ್ರೆ ಅದರಲ್ಲಿ ಅವನಿಗೆ ಕಮಿಷನ್ ಇಲ್ಲ.

ಕಮಿಷನ್ ಅಂದ್ರೆ ನೆನಪಾಯ್ತು. ಇತವಾರಿಯಲ್ಲಿ ಚೌಕಾಸಿ ಇಲ್ಲದೆ ಲವಂಗವೂ ಮಾರಾಟ ಆಗಲ್ಲ. "ನಿನ್ನ ಕಮಿಷನ್‌ನಲ್ಲಿ ನಂಗೆಷ್ಟು?" ಅಂತ ನೇರವಾಗಿ ಕೇಳ್ತಾರೆ. ಅದನ್ನ ವಾಪಸ್ ಕೊಡೋದು 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಎಷ್ಟು ಸಿಗತ್ತೆ ಅಂತ ಕೇಳೋ ಹಕ್ಕು ಮಾತ್ರ ನಿಮಗಿದೆ, ಕೇಳಿದ್ರೆ ಏಜೆಂಟ್ ಹೇಳಲೇಬೇಕು.

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಟೈಮ್ ಇದೆ, ಒಪ್ಪದಿದ್ರೆ ವಾಪಸ್ ಮಾಡಬಹುದು. ಆ ದಿನಗಳಲ್ಲಿ ಫಾರ್ಮ್‌ನ ಪ್ರತಿ ತರಿಸಿ, ಕಾಯಿಲೆಯ ಪುಟವನ್ನ ಅಮ್ಮನಿಗೆ ಫೋನ್‌ನಲ್ಲಿ ಓದಿ ಹೇಳಿ. ಜೊತೆಗೆ ಗ್ರಾಹಕ ಮಾಹಿತಿ ಪತ್ರ ಅಂತ ಬರತ್ತೆ: ಕಾಯುವ ಅವಧಿ, ಮಿತಿ, ಕೋ-ಪೇ ಎಲ್ಲ ಅದರಲ್ಲಿರತ್ತೆ. ಕೇಳಿದ್ರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅಂತ ನಿಯಮ ಇದೆ. ಇಲ್ಲಿ ನಮ್ಮ ಏಜೆಂಟರು ಮರಾಠಿಯದ್ದು ಕೇಳಿ ತರಿಸ್ತಾರೆ. ನೀವು ಕನ್ನಡದ್ದು ಕೇಳಿ, ಅಪ್ಪನ ವಿಳಾಸಕ್ಕೇ ಕಳಿಸೋಕೆ ಹೇಳಿ.