ಬೆಳೆಯೋ, ಬೇಳೆಯೋ?

ಹೋಳಿಗೆಯ ಹೂರಣ ಸಡಿಲಾದರೆ ನಾವು ಬೇಳೆಯನ್ನು ಬೈಯುವುದಿಲ್ಲ. ನೀರು ಹೆಚ್ಚಾಯಿತೇ, ಸರಿಯಾಗಿ ಬಸಿಯಲಿಲ್ಲವೇ ಎಂದು ನೋಡಿ, ಮುಂದಿನ ಸಲ ತಿದ್ದಿಕೊಳ್ಳುತ್ತೇವೆ. ಪಾಠದಲ್ಲಿ ತಪ್ಪಾದರೆ ಮಾತ್ರ ಮಗುವನ್ನೇ ಬೈಯುತ್ತೇವೆ. ಹೌದಲ್ಲವೇ, ಸೋದರಿಯರೇ?

ಭಾಲ್ಕಿಯ ನಮ್ಮ ಓಣಿಯಲ್ಲಿ ಮೂರನೆಯ ಇಯತ್ತೆಯ ಹುಡುಗನೊಬ್ಬನಿದ್ದಾನೆ. ಮನೆಮಾತು ಮರಾಠಿ. "ಹೊಲದಲ್ಲಿ ತೊಗರಿ ಬೇಳೆ ಬಂದಿದೆ" ಎಂದು ಬರೆದ. ಓದಿ ಹೇಳಿದಾಗ ಮಕ್ಕಳೆಲ್ಲ ನಕ್ಕರು. ಮರುದಿನದಿಂದ ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವು! "ಇವಗ ಕನ್ನಡ ಹತ್ತಂಗಿಲ್ರೀ ವೈನಿ, ಸಾಲಿ ಬಿಡಸ್ತೀವಿ" ಅಂತ ಅವನ ತಾಯಿ ಕಣ್ಣೀರು ತಂದಳು.

ಅವನ ಅಕ್ಕೋರು ಬಿಡಲಿಲ್ಲ. ಮಕ್ಕಳ ನೋಟ್‌ಬುಕ್ಕುಗಳಲ್ಲಿದ್ದ ತಪ್ಪುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡರು. ಕೆರೆ–ಕೇರೆ, ಕೊಡು–ಕೋಡು, ಬೆಳೆ–ಬೇಳೆ. ಉರ್ದು ಮನೆಮಾತಿನ ಮಕ್ಕಳದೂ ಇದೇ ತಪ್ಪು. ಆಗ ಕಾರಣ ಹೊಳೆಯಿತು. ಕನ್ನಡದಲ್ಲಿ ಎ–ಏ, ಒ–ಓ ಎಂದು ಹ್ರಸ್ವ, ದೀರ್ಘ ಬೇರೆ ಬೇರೆ. ಮರಾಠಿ, ಉರ್ದುವಿನಲ್ಲಿ ಆ ಭೇದವಿಲ್ಲ. ಹುಡುಗ ದಡ್ಡನಲ್ಲ, ಅವನ ಕಿವಿಗೆ ಅದು ಹೊಸದು!

ಮೊದಲು ಅಕ್ಕೋರು ದಿನಾ ಕಾಪಿ ಬರೆಸಿದರು. ಶನಿವಾರದ ಉಕ್ತಲೇಖನದಲ್ಲಿ ತಪ್ಪು ಅಷ್ಟೇ ಇತ್ತು. ಬರೆಸುವುದನ್ನು ಬಿಟ್ಟು ಕೇಳಿಸತೊಡಗಿದರು. ಮೇಜಿನ ಮೇಲೆ ತೊಗರಿಯ ಗಿಡ ಒಂದು ಕಡೆ, ಹಿಡಿ ಬೇಳೆ ಒಂದು ಕಡೆ. ಶಬ್ದ ಕೇಳಿ ಮಕ್ಕಳು ಮುಟ್ಟಬೇಕು. ಶನಿವಾರದಿಂದ ಶನಿವಾರಕ್ಕೆ ತಪ್ಪು ಇಳಿಯಿತು.

ಇದಕ್ಕೆ 'ಕ್ರಿಯಾ ಸಂಶೋಧನೆ' ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಅಮೆರಿಕದ ಸ್ಟೀಫನ್ ಕೋರಿ 1953ರಲ್ಲಿ ಶಾಲೆಗಳಿಗಾಗಿಯೇ ಈ ಬಗ್ಗೆ ಪುಸ್ತಕ ಬರೆದರು. ನಮ್ಮ 'ನಲಿ ಕಲಿ' ಕೂಡ 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಮಾಡಿ ನೋಡಿ, ತಿದ್ದಿಕೊಂಡು ಬೆಳೆಸಿದ್ದು.

ನೀವೂ ಮನೆಯಲ್ಲಿ ಮಾಡಬಹುದು. ಹಳೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ: ತಾರೀಖು, ತಪ್ಪು, ನಾನು ಮಾಡಿದ್ದು, ಆದ ಫಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ; ಎರಡು ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಹದಿನೈದು ದಿನ ನೋಡಿ. ಫಲ ಸಿಗದಿದ್ದರೆ ಉಪಾಯ ಬದಲಿಸಿ, ಮಗುವನ್ನು ಹೊಡೆಯಬೇಡಿ.

ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ನಮ್ಮದು. ಇಲ್ಲಿ ಕನ್ನಡಕ್ಕೆ ಹೆದರಿ ಒಂದು ಮಗುವೂ ಶಾಲೆ ಬಿಡಬಾರದು.

ಮೊನ್ನೆ ಆ ಹುಡುಗ ಬಟ್ಟಲು ಹಿಡಿದು ಬಂದಿದ್ದ. "ಕಾಕೂ, ಬೇ...ಳೆ ಕೊಡ್ರಿ!" ಎಂದು ಎಳೆದೇ ಎಳೆದ. ಇಬ್ಬರೂ ನಕ್ಕೆವು. ಈ ಸಲ ಅವನೂ ನಕ್ಕ.