ಹುಣಸೂರಿನ ಸೈನಿಕ ಚೀಲ: ಅಸಲಿ ಎನ್ನುವುದು ಯಾವಾಗ?

ಹತ್ತೊಂಬತ್ತನೇ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ಕೇಂದ್ರವಷ್ಟೇ ಆಗಿರಲಿಲ್ಲ. ಸೇನೆಗಾಗಿ ಚರ್ಮ ಹದ ಮಾಡಿ ಬೂಟು, ತೋಟಾ ಚೀಲ, ಬೆನ್ನುಚೀಲ ಹೊಲಿಯುವ ಕಾರ್ಖಾನೆ ಅಲ್ಲಿತ್ತು. ಕಂಬಳಿ ನೇಯುತ್ತಿದ್ದರು, ಗಾಡಿಗಳನ್ನೂ ಕಟ್ಟುತ್ತಿದ್ದರು. 1864ರಲ್ಲಿ ಅದೆಲ್ಲ ಮುಚ್ಚಿತು. ಹಳೆಯ ಸೈನಿಕ ಪರಿಕರ ಸಂಗ್ರಹಿಸುವವರಿಗೆ ‘ಇದು ಹುಣಸೂರಿನದು’ ಎಂಬ ಮಾತು ಸಹಜವಾಗಿಯೇ ಆಸೆ ಹುಟ್ಟಿಸುತ್ತದೆ. ಆದರೆ ವಸ್ತುವನ್ನು ಎಷ್ಟೇ ಪರೀಕ್ಷಿಸಿದರೂ ಅದು ‘ಅಲ್ಲ’ ಎಂಬುದನ್ನಷ್ಟೇ ಖಚಿತವಾಗಿ ಹೇಳಬಹುದು. ‘ಹೌದು’ ಎನ್ನಲು ಅದು ಎಲ್ಲಿಂದ, ಯಾರ ಕೈಯಿಂದ ಬಂತೆಂಬ ದಾಖಲೆಯೇ ಬೇಕು.

ಚೀಲದ ಪಟ್ಟಿಯ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಒಳಪದರ ನೀಲಿಬೂದು ಬಣ್ಣದ್ದಾದರೆ ಅದು ಕ್ರೋಮ್ ಹದದ ಚರ್ಮ. ಆ ವಿಧಾನವನ್ನು ಎಂಜಿನಿಯರ್ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿ ಬೆಳೆಸಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಹಾಗಾಗಿ ಅಂಥ ಚೀಲ ಹುಣಸೂರು ಕಾರ್ಖಾನೆಯದಾಗಲು ಸಾಧ್ಯವಿಲ್ಲ. ತೊಗಟೆಯಲ್ಲಿ ಹದಗೊಂಡ ಹಳೆಯ ಚರ್ಮವಾದರೆ ಕಂದು ಬಣ್ಣದಲ್ಲಿದ್ದು, ಹಲವು ಸಲ ಕೆಂಪು ಪುಡಿಯಾಗಿ ಉದುರುತ್ತದೆ. ನೇರಳಾತೀತ ದೀಪದಡಿ ದಾರ ನೀಲಿಯಾಗಿ ಹೊಳೆದರೂ ಅದು ಇತ್ತೀಚಿನದೆಂದು ಅನುಮಾನಿಸಬೇಕು. ಇಂದಿನ ಸೋಪಿನ ಪುಡಿಯಲ್ಲಿ ತೊಳೆದರೂ ಹಾಗೆ ಹೊಳೆಯುತ್ತದಲ್ಲ ಎನ್ನಬಹುದು. ನಿಜ, ಅದಕ್ಕೇ ನೀರು ಮುಟ್ಟದ ಹೊಲಿಗೆಯ ಒಳಭಾಗವನ್ನು ನೋಡಬೇಕು. ಒತ್ತಿದ ಮುದ್ರೆಯನ್ನಂತೂ ನಾನು ಕೊನೆಗೆ ನಂಬುತ್ತೇನೆ. ಚರ್ಮದ ಬಿರುಕು ಮುದ್ರೆಯನ್ನು ಸೀಳಿಕೊಂಡು ಹೋಗಿರಬೇಕು. ಬಿರುಕಿನ ಅಂಚುಗಳನ್ನೇ ಮುದ್ರೆ ಒತ್ತಿ ಮಡಚಿದ್ದರೆ ಅದು ಆಮೇಲೆ ಬಿದ್ದದ್ದು.

ಚರ್ಮ, ದಾರ, ಮುದ್ರೆ ಮೂರೂ ಗೆದ್ದರೆ ಸಾಲದೇ? ಸಾಲದು. ಕಾರ್ಖಾನೆ ಮುಚ್ಚಿದ ಮೇಲೂ ಅಲ್ಲಿ ಪಳಗಿದ ಕಸುಬುದಾರರು ಅದೇ ಕೆಲಸ ಮುಂದುವರಿಸಿದರು. ಅದೇ ಕೈ, ಅದೇ ಹೊಲಿಗೆ. ಕೊಂಡವನು ಸಿಪಾಯಿಯೇ ಆಗಿರಬೇಕಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಹೆಸರು ಹೇಳಿಕೊಂಡು ಬರುವ ವಸ್ತುಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಷ್ಟರಲ್ಲಿ ಕ್ರೋಮ್ ಚರ್ಮವೂ ಬಳಕೆಗೆ ಬಂದಿತ್ತು, ಆ ಪರೀಕ್ಷೆಯೂ ಕೈಬಿಡುತ್ತದೆ.

ಇಷ್ಟು ಬಿಗಿ ಹಿಡಿದರೆ ಹಳ್ಳಿಮನೆಗಳ ಅಟ್ಟದಲ್ಲಿರುವ ಹೆಸರಿಲ್ಲದ ಚೀಲಗಳಿಗೆ ಬೆಲೆಯೇ ಇಲ್ಲವಾಗುತ್ತದೆ ಎಂಬ ಆಕ್ಷೇಪ ನನಗೆ ಮುಖ್ಯವಾಗಿ ಕಾಣುತ್ತದೆ. ಆದರೆ ‘ಇರಬಹುದು’ ಎಂದು ಪ್ರಾಮಾಣಿಕವಾಗಿ ಬರೆದರೆ ವಸ್ತುವಿನ ಘನತೆ ಕುಗ್ಗುವುದಿಲ್ಲ, ಮಾರಾಟದ ದರ ಕುಗ್ಗಬಹುದು ಅಷ್ಟೆ. ನಿಜವಾದ ನಷ್ಟ ಆಗುತ್ತಿರುವುದು ಬೇರೆ ಕಡೆ: ಎಣ್ಣೆ, ಪಾಲಿಶ್ ಹಾಕಿ ಉಜ್ಜಿದಾಗ ಪುರಾವೆಯೇ ಅಳಿಸಿಹೋಗುತ್ತದೆ. ನೂರು ವರ್ಷ ದಾಟಿದ ವಸ್ತುವಿನ ಮಾರಾಟ, ರಫ್ತಿಗೆ 1972ರ ಪುರಾವಸ್ತು ಕಾಯ್ದೆಯೂ ಅನ್ವಯಿಸಬಹುದು. ಹುಣಸೂರಿನ ಆಸುಪಾಸಿನ ಭೇರ್ಯದಲ್ಲೋ ಪಿರಿಯಾಪಟ್ಟಣದಲ್ಲೋ ಅಂಥದ್ದೊಂದು ಸಿಕ್ಕರೆ ಉಜ್ಜುವ ಮೊದಲು ಚಿತ್ರ ತೆಗೆದು, ಯಾವ ಮನೆತನದ್ದು, ಅಜ್ಜಿ ಅದರ ಬಗ್ಗೆ ಏನು ಹೇಳುತ್ತಿದ್ದರು ಎಂಬುದನ್ನು ಮನೆಯವರ ಬಾಯಲ್ಲೇ ಕೇಳಿ ಬರೆದಿಡಬೇಕು. ಆ ವಿವರವನ್ನು ಯಾವ ದೀಪವೂ ತೋರಿಸಿಕೊಡದು.